ನಮ್ಮ ಮಾವನೂ ಆಂಟಿವೈರಸ್ಸೂ

ನಮ್ಮ ಮಾವ ಈ ಜಗತ್ತಿನಲ್ಲಿ ಯಾರನ್ನು ಬೇಕಾದರೂ ನಂಬುತ್ತಾರೆ, ಪೆನ್ ಡ್ರೈವ್ ಒಂದನ್ನು ಬಿಟ್ಟು! ಸಂತೆಯಲ್ಲಿ ಕೊಳೆತ ಬದನೆಕಾಯಿ ತೂಗಿಕೊಟ್ಟವನನ್ನೂ "ಪಾಪ, ಅವಸರದಾಗ ನೋಡಿಲ್ಲ" ಎಂದು ಕ್ಷಮಿಸುವ ಮನುಷ್ಯ ಅವರು. ಆದರೆ ಕಿರುಬೆರಳಿನಷ್ಟು ಉದ್ದದ ಪೆನ್ ಡ್ರೈವ್ ಹಿಡಿದುಕೊಂಡು ಹೊಸಪೇಟೆಯ ನಮ್ಮ ಮನೆಯ ಹೊಸ್ತಿಲು ದಾಟಿ ನೋಡಿ. ನೀವು ಯಾರೇ ಆಗಿರಿ, ನಿಮ್ಮ ಪಾಡು ನಾಯಿಪಾಡು!

ಮಾವ ಎಂದರೆ ನನ್ನ ಗಂಡನ ತಂದೆ. ಮದುವೆಗೆ ಮುಂಚೆ ಎಲ್ಲರೂ ನನ್ನನ್ನು ಹೆದರಿಸಿದ್ದು ಅತ್ತೆಯ ವಿಷಯದಲ್ಲಿ. ಬಂದು ನೋಡಿದರೆ ಅತ್ತೆ ಬೆಣ್ಣೆಯಂಥ ಹೆಂಗಸು. ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇದೆ, ಅದಕ್ಕೊಬ್ಬರು ಮಾವ ಇದ್ದಾರೆ, ಹುಷಾರು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಮದುವೆಯಾದ ಹೊಸತು. ನಮ್ಮಪ್ಪ ಸಂಡೂರಿನಿಂದ ಬಂದಿದ್ದರು, ಅಣ್ಣನ ಮಗನನ್ನು ತೊಟ್ಟಿಲಿಗೆ ಹಾಕಿದ ವಿಡಿಯೋವನ್ನು ಪೆನ್ ಡ್ರೈವಿನಲ್ಲಿ ತುಂಬಿಸಿಕೊಂಡು. ಅತ್ತೆ ತಂಬಿಗೆಯಲ್ಲಿ ನೀರು ಕೊಟ್ಟರು. ಅಪ್ಪ ಕಾಲು ತೊಳೆದುಕೊಂಡು ಒಳಗೆ ಬಂದು, ಗಾದಿಯ ಮೇಲೆ ಕೂತು, ಜೇಬಿನಿಂದ ಪೆನ್ ಡ್ರೈವ್ ತೆಗೆದದ್ದೇ ತಡ, ಮಾವ ಒಂದು ಸ್ಟೀಲ್ ತಟ್ಟೆ ತಂದು ಮುಂದೆ ಹಿಡಿದರು. ಎಲೆ ಅಡಿಕೆ ಬಂತೆಂದು ಅಪ್ಪ ಕೈ ಚಾಚಿದರು!

"ಬೀಗರ, ಅದನ್ನ ಇದರಾಗ ಇಡ್ರಿ" ಎಂದರು ಮಾವ.

"ಯಾಕ್ರಿ?"

"ನೀವು ಕಾಲು ತೊಳಕೊಂಡ್ರಿ. ಅದಿನ್ನಾ ತೊಳಕೊಂಡಿಲ್ಲಲ್ರಿ!"

ಅಪ್ಪನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಬೀಗರ ಮನೆ ನೋಡಿ, ಎರಡನ್ನೂ ಮಾಡದೆ ಪೆನ್ ಡ್ರೈವನ್ನು ತಟ್ಟೆಯಲ್ಲಿಟ್ಟರು. ಮಾವ ಕೈ ಒರೆಸಿಕೊಂಡು ಪೆನ್ ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿ, ಆಂಟಿವೈರಸ್ಸಿಗೆ ತಪಾಸಣೆ ಮಾಡಲು ಹೇಳಿ, ಪರದೆಯ ಮೇಲೆ ಆ ಹಸಿರು ಪಟ್ಟಿ ಆಮೆಯಂತೆ ತೆವಳುವುದನ್ನು ನೋಡುತ್ತ ನಿಂತರು. ಊಟವಾಯಿತು. ಮಜ್ಜಿಗೆಯಾಯಿತು. ಅಪ್ಪ ಒಂದು ನಿದ್ದೆಯನ್ನೂ ತೆಗೆದರು. ಕೊನೆಗೆ ಮಾವ ಬಂದು "ಏನೂ ಇಲ್ರಿ, ಭಾಳ ಚೊಕ್ಕ ಐತಿ, ಮನೆತನ ಛಲೋದು" ಎಂದು ತೀರ್ಪು ಕೊಟ್ಟಾಗ ಅಪ್ಪನ ಬಸ್ಸಿಗೆ ಹೊತ್ತಾಗಿತ್ತು. ಅಂದಿನಿಂದ ಅಪ್ಪ ನಮ್ಮ ಮನೆಗೆ ಪೆನ್ ಡ್ರೈವ್ ತರುವುದನ್ನೇ ಬಿಟ್ಟಿದ್ದಾರೆ. ಮೊಮ್ಮಕ್ಕಳು ಏನು ಮಾಡಿದರೆಂಬುದನ್ನು ಬಾಯಲ್ಲೇ ಹೇಳುತ್ತಾರೆ, ಕೈಕಾಲು ಆಡಿಸಿ ತೋರಿಸುತ್ತಾರೆ.

ಇಷ್ಟೊಂದು ಕಾವಲು ಯಾಕೆ? ಒಳಗೇನು ಕೊಪ್ಪರಿಗೆ ಹೊನ್ನು ಇದೆಯೇ? ನಾನೂ ಹಾಗೇ ಕೇಳಿದ್ದೆ. ಮಾವ ಕಂಪ್ಯೂಟರಿನ ಮೇಲಿದ್ದ ಮುಸುಕು ಸರಿಸಿದರು. ಅದು ಅತ್ತೆಯ ಹಳೇ ರೇಷ್ಮೆ ಸೀರೆಯಲ್ಲಿ ಹೊಲಿಸಿದ್ದು. ಆ ಸೀರೆ ಕಂಪ್ಯೂಟರಿಗೆ ಹೋಯಿತಲ್ಲ ಎಂದು ಅತ್ತೆ ಇಂದಿಗೂ ಗೊಣಗುತ್ತಾರೆ.

"ಮಂದಿ ಮಾರಿ ಅದಾವವ್ವಾ ಇದರಾಗ" ಎಂದರು ಮಾವ. ನಮ್ಮ ಕಡೆ ಮಾರಿ ಎಂದರೆ ಮುಖ.

ಮಾವನಿಗೆ ಊರಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಕಂಪ್ಲಿ, ಸಂಡೂರು, ಮೆಟ್ರಿ, ಗಾದಿಗನೂರು, ಎಲ್ಲಿ ಮದುವೆಯ ಹಂದರ ಹಾಕಿದರೂ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತಿದ್ದರು. ಮದುವೆಯಾದ ಜೋಡಿ ಹಂಪಿಗೆ ಬಂದರೆ ಕಂಬಕ್ಕೆ ಒರಗಿಸಿ ನಿಲ್ಲಿಸಿ, "ಇನ್ನಷ್ಟು ಹತ್ರ ಬರ್ರಿ, ಈಗ ನಾಚಿಕೊಂಡರ ಮುಂದ ಹೆಂಗ" ಎಂದು ಗದರಿಸಿ ಫೋಟೋ ತೆಗೆಯುತ್ತಿದ್ದರಂತೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಉಳಿದದ್ದು ಟ್ರಂಕುಗಟ್ಟಲೆ ನೆಗೆಟಿವ್. ಮಾವ ಒಂದು ಸ್ಕ್ಯಾನರ್ ಕೊಂಡು ತಂದು, ವರ್ಷಗಟ್ಟಲೆ ಕೂತು, ಒಂದೊಂದನ್ನೂ ಕಂಪ್ಯೂಟರಿಗೆ ಏರಿಸಿದರು. ಏರಿಸಿದ್ದು ಪುಣ್ಯ. ಹೊಸಪೇಟೆಯ ಬೇಸಿಗೆಗೆ ಆ ನೆಗೆಟಿವ್‌ಗಳೆಲ್ಲ ಹಸಿ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡು ಹಾಳಾದವು. ಈಗ ಅಷ್ಟೂ ಮದುವೆಗಳು, ಅಷ್ಟೂ ಹಂದರಗಳು, ಅಷ್ಟೂ ಮಂದಿ ಇರುವುದು ಆ ಒಂದು ಡಬ್ಬಿಯಲ್ಲಿ.

ಇದ್ದರೇನಂತೆ ಅನ್ನಬೇಡಿ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಗೋಡೆಗೊಂದು ಫೋಟೋ ಬೇಕು, ವಿಭೂತಿ ಹಚ್ಚಿ ಹಾರ ಹಾಕಲಿಕ್ಕೆ. ಹುಡುಕಿದರೆ ಸಿಗುವುದು ಗುರುತಿನ ಚೀಟಿಯ ಮುಖ. ಆ ಚೀಟಿಯಲ್ಲಿ ಯಾರಾದರೂ ತಮ್ಮ ಹಾಗೆ ಕಂಡದ್ದುಂಟೇ? ಆಗ ಯಾರೋ ಹೇಳುತ್ತಾರೆ, "ಹೊಸಪೇಟಿ ಫೋಟೋದವರ ಹತ್ರ ಹೋಗ್ರಿ." ಬರುತ್ತಾರೆ. ಯಾರ ಮದುವೆಗೆ ಹೋಗಿದ್ದರು, ಯಾವ ಕಡೆಯವರು ಎಂದು ಮಾವ ವಿಚಾರಿಸಿ, ಹುಡುಕಿ, ಯಾರದೋ ಅಕ್ಷತೆಯ ಫೋಟೋದ ಮೂಲೆಯಿಂದ ಆ ಮುಖವನ್ನು ಬಿಡಿಸಿ ದೊಡ್ಡದು ಮಾಡಿ ಕೊಡುತ್ತಾರೆ.

ಒಮ್ಮೆ ಮೆಟ್ರಿಯಿಂದ ಒಬ್ಬ ಮುದುಕರು ಬಂದರು. ಹೆಂಡತಿ ಹೋಗಿದ್ದಳು. ಒಂದೂ ಫೋಟೋ ಇರಲಿಲ್ಲ. ಪಕ್ಕದ ಮನೆಯವರ ಮದುವೆಯಲ್ಲಿ ಆಕೆ ಆರತಿ ತಟ್ಟೆ ಹಿಡಿದು ಮದುಮಗಳ ಹಿಂದೆ ನಿಂತಿದ್ದು ಸಿಕ್ಕಿತು. ಅರ್ಧ ಮುಖಕ್ಕೆ ದೀಪದ ಬೆಳಕು. ಮುದುಕರು ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು, "ಇಲ್ಲಿ ಬಂದು ಕುಂತೀಯೇನ? ಅಲ್ಲೆಲ್ಲಾ ಹುಡಕಿ ಸಾಕಾತು" ಎಂದು ಹೆಂಡತಿಯನ್ನು ಬೈದರು. ಅತ್ತೆ ಅಡುಗೆಮನೆಗೆ ಎದ್ದು ಹೋದರು, ಕಣ್ಣೊರೆಸಿಕೊಳ್ಳಲು. ಆ ಮುದುಕರು ಈಗಲೂ ಯಾರ ಕೈಲಾದರೂ ಅಕ್ಕಿ ಕಳಿಸುತ್ತಾರೆ.

ನನ್ನ ಮಾತೂ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದು ಸರಿಯಾಗಿ ತಿಳಿಯಬೇಕಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನನ್ನ ಅವ್ವ ತೀರಿಕೊಂಡಳು. ಅವ್ವನದು ಇರುವುದು ಒಂದೇ ಫೋಟೋ, ಯಾವುದೋ ಸರ್ಕಾರಿ ಕೆಲಸಕ್ಕೆ ತೆಗೆಸಿದ್ದು. ಅದರಲ್ಲಿ ಅವ್ವ ಪೊಲೀಸರನ್ನು ಕಂಡವಳ ಹಾಗೆ ಕಣ್ಣರಳಿಸಿ ಕೂತಿದ್ದಾಳೆ. ಅದನ್ನೇ ದೊಡ್ಡದು ಮಾಡಿಸಿ ಸಂಡೂರಿನ ಮನೆಯಲ್ಲಿ ಹಾಕಿದ್ದಾರೆ. ಸಂಬಂಧ ಕೂಡಿ ಬಂದು ಮಾವ ಆ ಮನೆಗೆ ಬಂದಾಗ ಎಲ್ಲರೂ ನನ್ನನ್ನು ನೋಡುತ್ತಿದ್ದರೆ, ಅವರು ಗೋಡೆ ನೋಡುತ್ತಿದ್ದರು.

"ನಗೋದು ಒಂದೂ ಇಲ್ಲೇನು?" ಎಂದು ಕೇಳಿದ್ದರು.

ಇಲ್ಲ ಎಂದೆವು. ಮಾವನ ಮುಖ ಸಣ್ಣದಾಯಿತು. ಫೋಟೋ ತೆಗೆದು ಬದುಕಿದವರಿಗೆ ಅದೊಂದು ಅವಮಾನದ ಹಾಗೆ ಕಂಡಿರಬೇಕು. ಅಪ್ಪ ಹೇಳಿದರು, ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಹೋಳಿಗೆ ಲಟ್ಟಿಸಲು ಆಕೆಯೇ ಆಗಬೇಕಿತ್ತು ಎಂದು. ಅಷ್ಟು ಸಾಕಾಯಿತು. ಸಂಡೂರಿನ ಎಷ್ಟೋ ಮದುವೆಗಳನ್ನು ತೆಗೆದವರು ಮಾವನೇ. ಹಾಗಾದರೆ ಅವ್ವ ಯಾವುದೋ ಒಂದು ಫೋಟೋದಲ್ಲಿ ಇದ್ದೇ ಇರಬೇಕಲ್ಲ? ಅಂದಿನಿಂದ ದಿನಾ ಪೂಜೆ, ನಾಷ್ಟಾ ಮುಗಿದ ಮೇಲೆ ಮಾವ ಸಂಡೂರಿನ ಮದುವೆಗಳನ್ನು ಒಂದೊಂದಾಗಿ ತೆರೆದು ಕೂರುತ್ತಾರೆ. ನನ್ನ ಅವ್ವ ಆ ಕಂಪ್ಯೂಟರಿನ ಒಳಗೆ ಎಲ್ಲೋ ಇದ್ದಾಳೆ, ಅದು ಕೆಟ್ಟರೆ ಆಕೆ ಇನ್ನೊಮ್ಮೆ ಹೋದಂತೆ, ಇದು ಅವರ ಲೆಕ್ಕ.

ಇನ್ನು ಇಂಥ ಡಬ್ಬಿಗೆ ಕಾವಲುಗಾರನನ್ನು ಆರಿಸಬೇಕು. ಅಲ್ಲಿ ಶುರುವಾಯಿತು ನೋಡಿ ಪೀಕಲಾಟ! ಮಾವನ ಪ್ರಕಾರ ಮುಖ ನೋಡಿಯೇ ಮನುಷ್ಯನನ್ನು ನಂಬಬೇಕು. ಆಂಟಿವೈರಸ್ಸಿಗೆ ಮುಖವೆಲ್ಲಿ? ಅಪ್ಪನ ಪೆನ್ ಡ್ರೈವ್ ಬರುವ ಮುಂಚಿನ ಮಾತಿದು, ಮದುವೆಯಾದ ವಾರವೇ ನನ್ನನ್ನೂ ಕರೆದುಕೊಂಡು ಸ್ಟೇಷನ್ ರೋಡಿನ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ನಾಲ್ಕಾರು ಡಬ್ಬಿಗಳನ್ನು ಸಾಲಾಗಿ ಇಟ್ಟ.

"ಇದು ಎಲ್ಲಿಯವರದು?"

"ಫಾರಿನ್ನಿಂದು ಸರ್."

"ಫಾರಿನ್ ಅಂದ್ರ ಯಾವೂರು?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ.

ಒಂದು ಡಬ್ಬಿಯ ಮೇಲೆ ಕೋಟು ತೊಟ್ಟು ಕೈ ಕಟ್ಟಿ ನಗುವ ಮನುಷ್ಯನಿದ್ದ. ಮಾವ ಕನ್ನಡಕ ಏರಿಸಿ ನೋಡಿ, "ಬಾಯಿ ನಗತೈತಿ, ಕಣ್ಣು ನಗವಲ್ಲವು. ಇವ ಬ್ಯಾಡ" ಎಂದರು. ಇನ್ನೊಂದರ ಮೇಲೆ ಬರೀ ಗುರಾಣಿಯ ಚಿತ್ರ. "ಇದನ್ನ ಹಿಡಿಯೋನು ಎಲ್ಲಿ ಹ್ವಾದ?" ಮೂರನೆಯದರಲ್ಲಿ ಅಪ್ಪ, ಅಮ್ಮ, ನಡುವೆ ಹಲ್ಲಿಲ್ಲದ ಒಂದು ಕೂಸು. ಮಾವ ಅದನ್ನು ಬೆಳಕಿಗೆ ಹಿಡಿದರು. ಅವರ ಮುಖವೂ ಹಲ್ಲಿಲ್ಲದ ಕೂಸಿನ ಹಾಗೇ ಅರಳಿತು. "ಈ ನಗು ಖರೇ ಐತಿ. ಇದನ್ನ ಕೊಡ್ರಿ."

ನಮ್ಮ ಮನೆಯ ಮೊದಲ ಆಂಟಿವೈರಸ್ ಬಂದದ್ದು ಹೀಗೆ, ಯಾವುದೋ ದೇಶದ ಕೂಸಿನ ಜಾಮೀನಿನ ಮೇಲೆ! ನನ್ನ ಗಂಡ ಯಶವಂತನಗರದ ಗಣಿ ಕಂಪನಿಯಲ್ಲಿ ಎಂಜಿನಿಯರ್. ಮೆಷಿನ್ನುಗಳ ನಡುವೆ ಇದ್ದೂ ಇದ್ದೂ ಎಲ್ಲಕ್ಕೂ ಕಾರಣ ಕೇಳುವ ಮನುಷ್ಯ. "ಅಪ್ಪಾ, ಆ ಕೂಸಿಗೂ ವೈರಸ್ಸಿಗೂ ಏನು ಸಂಬಂಧ?" ಎಂದರು.

"ಲೇ, ಕೂಸನ್ನ ಹಂಗ ನಗಸಾಕ ಆ ಫೋಟೋದಾತ ಎಷ್ಟು ಕುಣದಿರಬೇಕು! ಮ್ಯಾಲಿನ ಡಬ್ಬಿಗೆ ಇಷ್ಟು ಕಾಳಜಿ ಮಾಡಿದ ಮಂದಿ ಒಳಗ ಮಾಡಿರಂಗಿಲ್ಲೇನು?"

ಇದಕ್ಕೆ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಉತ್ತರ ಕಲಿಸುವುದಿಲ್ಲ. ನನ್ನ ಗಂಡ ಕಂಪನಿ ಬಸ್ಸಿಗೆ ಹೊರಟರು.

ಕಾವಲುಗಾರ ಬಂದ ಮೇಲಾದರೂ ಮಾವ ನೆಮ್ಮದಿಯಾಗಿ ಇರಬೇಕಲ್ಲವೇ? ಇಲ್ಲ. ಇಂಟರ್ನೆಟ್ಟಿನ ವೈರನ್ನು ಕಿತ್ತು, ಸುತ್ತಿ, ಬೀರುವಿನಲ್ಲಿ ಅತ್ತೆಯ ಬಂಗಾರದ ಪಕ್ಕ ಇಟ್ಟು ಬೀಗ ಹಾಕುವುದು ಅವರ ಪದ್ಧತಿ. ಬಾಗಿಲು ತೆರೆದಿಟ್ಟರೆ ನಾಯಿ ನುಗ್ಗುವುದಿಲ್ಲವೇ ಎಂಬ ವಾದ. ಆದರೆ ಪಾಪ, ಆ ಆಂಟಿವೈರಸ್ಸಿಗೆ ಹೊಸ ಹೊಸ ವೈರಸ್ಸುಗಳ ಸುದ್ದಿ ಬರುವುದೇ ಇಂಟರ್ನೆಟ್ಟಿನಿಂದ! ಸುದ್ದಿ ಸಿಗದೆ ಅದು ದಿನಾ ಬೆಳಿಗ್ಗೆ ಹಳದಿ ಚೌಕದಲ್ಲಿ ದೂರು ಹೇಳತೊಡಗಿತು. ಮಾವ ಅದನ್ನು ಓದಿ, "ನೋಡು, ಕಾವಲುಗಾರ ಮನಿಯವರನ್ನ ಬೈತಾನ" ಎಂದು ಅತ್ತೆಗೆ ಹೇಳಿದರು.

"ಬೈಲಿ ಬಿಡ್ರಿ. ನಾ ಬೈದ್ರ ಕೇಳಂಗಿಲ್ಲ, ಅದರದಾದ್ರೂ ಕೇಳ್ರಿ" ಎಂದರು ಅತ್ತೆ.

ಹಾಗೂ ಹೀಗೂ ದಿನಕ್ಕೊಮ್ಮೆ ವೈರನ್ನು ಬೀರುವಿನಿಂದ ಹೊರಗೆ ತರಲು ಒಪ್ಪಿಸಿದೆವು. ಅಷ್ಟರಲ್ಲಿ ಮಾವನಿಗೆ ಇನ್ನೊಂದು ಚಿಂತೆ ಹತ್ತಿತು. ಕಾವಲುಗಾರ ಒಬ್ಬನೇ. ಅವನಿಗೆ ಕಣ್ಣು ಹತ್ತಿದರೆ? ಯಾರಿಗೂ ಹೇಳದೆ, ಪುಕ್ಕಟೆ ಸಿಗುವ ಇನ್ನೊಂದು ಆಂಟಿವೈರಸ್ಸನ್ನು ಇಂಟರ್ನೆಟ್ಟಿನಿಂದ ಇಳಿಸಿ ಮೊದಲಿನದರ ಜೊತೆಗೆ ಕೂರಿಸಿಬಿಟ್ಟರು. ಒಬ್ಬ ಮಲಗಿದರೆ ಇನ್ನೊಬ್ಬ ಎಚ್ಚರ! ಅದೇ ವಾರ ಮಹಾನವಮಿಯ ಆಯುಧಪೂಜೆ. ಸ್ಟುಡಿಯೋ ಇದ್ದಾಗ ಕ್ಯಾಮೆರಾಕ್ಕೆ ಪೂಜೆ ಮಾಡಿದ ಕೈ ಅದು. ಈಗ ಕಂಪ್ಯೂಟರಿಗೆ ವಿಭೂತಿ ಹಚ್ಚಿದರು, ಹೂ ಏರಿಸಿದರು. ಅಷ್ಟಕ್ಕೇ ಬಿಟ್ಟರೇ? ಡಬ್ಬಿಯ ಪಕ್ಕದಲ್ಲಿ ಗಾಳಿಗೆಂದು ಸಣ್ಣ ಸಣ್ಣ ಕಿಂಡಿಗಳಿರುತ್ತವಲ್ಲ, "ಒಳಗಿನವರಿಗೂ ಮುಟ್ಟಲಿ" ಎಂದು ಆ ಕಿಂಡಿಗಳಿಂದ ಒಂದು ಮುಷ್ಟಿ ವಿಭೂತಿ ಊದಿದರು.

ಮರುದಿನ ಕಂಪ್ಯೂಟರ್ ಏಳಲಿಲ್ಲ. ಗುಂಡಿ ಒತ್ತಿದರೆ ಒಮ್ಮೆ ಗುರ್ ಅನ್ನುತ್ತದೆ, ಬಿಸಿಯಾಗುತ್ತದೆ, ಮಲಗುತ್ತದೆ. ಮಾವನ ಜೀವ ಬಾಯಿಗೆ ಬಂತು. ಗಂಡ ಊರಲ್ಲಿರಲಿಲ್ಲ. ನಾನು, ಮಾವ, ನಡುವೆ ಟವೆಲಿನಲ್ಲಿ ಸುತ್ತಿದ ಡಬ್ಬಿ, ಮೂವರೂ ಆಟೋ ಹತ್ತಿದೆವು. ಕೂಸಿನ ಡಬ್ಬಿ ಮಾರಿದ ಅಂಗಡಿಯವನು ನಾಲ್ಕು ಗುಂಡಿ ಒತ್ತಿ ನೋಡಿ, "ಫಾರ್ಮ್ಯಾಟ್ ಮಾಡಿಬಿಡೋಣ ಸರ್" ಎಂದ.

"ಹಂಗಂದ್ರ?"

"ಒಳಗಿಂದೆಲ್ಲಾ ಅಳಸಿ, ಹೊಸದಾಗಿ ಹಾಕೋದು ಸರ್. ಮಸ್ತ್ ಓಡ್ತೈತಿ."

ಮಾವ ಅವನ ಕೈಯನ್ನು ಗುಂಡಿಯಿಂದ ಸರಿಸಿದರು. ಡಬ್ಬಿಯನ್ನು ಟವೆಲಿನಲ್ಲಿ ಮತ್ತೆ ಸುತ್ತಿದರು. ಅಂಗಡಿಯ ಮೆಟ್ಟಿಲಿಳಿದು, ಡಬ್ಬಿಯನ್ನು ಎದೆಗೆ ಅವುಚಿಕೊಂಡು, ಬಿಸಿಲಲ್ಲಿ ನಿಂತು, "ಎಲ್ಲಾರನ್ನೂ ಅಳಸತಾನಂತ" ಎಂದರು. ಅಷ್ಟೇ ಅಂದದ್ದು. ಅಲ್ಲಿಯವರೆಗೆ ಈ ಆಂಟಿವೈರಸ್ ಪುರಾಣವನ್ನು ನಗುತ್ತ ಗೆಳತಿಯರಿಗೆ ಹೇಳಿಕೊಂಡು ಬಂದಿದ್ದ ನನಗೆ ಅಂದು ನಗು ಬರಲಿಲ್ಲ.

ಅದೇ ರಸ್ತೆಯ ಕೊನೆಯಲ್ಲಿ ಒಬ್ಬ ಹೆಂಗಸು ಇನ್ನೊಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದರು. ಒಳಗೆ ಕಾಲಿಡುತ್ತಲೇ ಮಾವ ಆಕೆಯ ಮುಖವನ್ನೇ ದಿಟ್ಟಿಸಿ, "ಏನವಾ, ನೀ ಗಾದಿಗನೂರಾಕಿ ಅಲ್ಲೇನು? ತಾಳಿ ಕಟ್ಟುವಾಗ ಅತ್ತಿದ್ದಿ, ಊಟಕ್ಕ ಕುಂತಾಗ ನಕ್ಕಿದ್ದಿ" ಎಂದರು. ಆಕೆ ಬೆಪ್ಪಾಗಿ ನಿಂತು, ಆಮೇಲೆ "ಅಯ್ಯ, ಫೋಟೋ ಕಾಕಾ! ಬರ್ರಿ, ಕುಂದ್ರಿ" ಎಂದು ಕುರ್ಚಿ ಎಳೆದರು. ನನ್ನ ಜೀವ ಅರ್ಧ ಬಂತು. ಮಾವನಿಗೆ ಕೊನೆಗೂ ಮುಖವಿರುವ ಒಬ್ಬರು ಸಿಕ್ಕಿದ್ದರು!

ಆಕೆ ಡಬ್ಬಿ ಬಿಚ್ಚಿದರು. ಭುಸ್ ಎಂದು ವಿಭೂತಿ ಹಾರಿ ಆಕೆಯ ಹಣೆ, ಮೂಗು, ಹುಬ್ಬು ಎಲ್ಲ ಬೆಳ್ಳಗಾಯಿತು. ಮಠದಿಂದ ಈಗ ತಾನೇ ಎದ್ದು ಬಂದವರ ಹಾಗೆ ಕಂಡರು. ಒಳಗಿನ ಫ್ಯಾನು ವಿಭೂತಿಯಲ್ಲಿ ಹೂತುಹೋಗಿತ್ತು. ಎಲ್ಲ ಒರೆಸಿ, ಕಂಪ್ಯೂಟರನ್ನು ಎಬ್ಬಿಸಿ, ಹೊತ್ತು ಮುಳುಗುವಷ್ಟರಲ್ಲಿ ಆಕೆ ರೋಗವನ್ನೂ ಹೇಳಿದರು.

"ಕಾಕಾ, ವೈರಸ್ ಒಂದೂ ಇಲ್ರಿ. ಫ್ಯಾನ್ ನಿಂತು ಕಾದೈತಿ, ಅದೊಂದು. ನೀವು ಇಟ್ಟ ಇಬ್ಬರು ಕಾವಲುಗಾರರು ಒಬ್ಬನಿಗೊಬ್ಬ ಕಳ್ಳ ಅಂತ ಹೊಡದಾಡ್ಯಾರ, ಅದೊಂದು."

"ಹಂಗಾರ ಒಳಗಿನವರು?"

"ಎಲ್ಲಾರೂ ಅದಾರ ಕಾಕಾ."

ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ಪುಕ್ಕಟೆ ಕಾವಲುಗಾರನನ್ನು ಆಕೆ ಅಂದೇ ಮನೆಗೆ ಕಳಿಸಿದರು. ಆಮೇಲೆ ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ಎಲ್ಲದರ ಇನ್ನೊಂದು ಪ್ರತಿಯನ್ನೂ ಮಾಡಿಕೊಟ್ಟರು. ಅದು ಬೀರುವಿಗೆ ಸೇರಿತು. ಇಂಟರ್ನೆಟ್ಟಿನಲ್ಲೇ ಇಟ್ಟುಬಿಡಿ ಎಂದು ನನ್ನ ಗಂಡ ಹೇಳಿ ನೋಡಿದರು. "ನನ್ನ ನಂಬಿ ಮಾರಿ ಕೊಟ್ಟ ಮಂದಿನ್ನ ಗುರ್ತಿಲ್ಲದವರ ಮನ್ಯಾಗ ಬಿಟ್ಟು ಬರಲೇನು?" ಎಂದು ಮಾವ ಬಾಯಿ ಮುಚ್ಚಿಸಿದರು.

ಒಂದು ಮಧ್ಯಾಹ್ನ ಫೋನ್ ಬಂತು. ಯಾವನೋ ಹಿಂದಿಯಲ್ಲಿ, ತಾನು ದೊಡ್ಡ ಕಂಪ್ಯೂಟರ್ ಕಂಪನಿಯವನೆಂದೂ, ನಮ್ಮ ಕಂಪ್ಯೂಟರಿಗೆ ಭಯಂಕರ ವೈರಸ್ ಹತ್ತಿದೆಯೆಂದೂ, ತಾನು ಹೇಳಿದ ಹಾಗೆ ಗುಂಡಿ ಒತ್ತಬೇಕೆಂದೂ ಹೇಳಿದ. ಶುದ್ಧ ಮೋಸ. ನಾನು ಕೈಸನ್ನೆ ಮಾಡಿದೆ, ಇಡಿ ಇಡಿ ಎಂದು. ಮಾವ ಇಡಲಿಲ್ಲ. ತಮ್ಮ ಹೊಸಪೇಟೆ ಹಿಂದಿಯಲ್ಲಿ ಅವನ ಊಟ ವಿಚಾರಿಸಿದರು. ಊರು ವಿಚಾರಿಸಿದರು. ಆಮೇಲೆ, ಗುಂಡಿ ಒತ್ತಲು ಅಡ್ಡಿಯಿಲ್ಲ, ಆದರೆ ಮೊದಲು ವಿಡಿಯೋ ಕಾಲ್ ಮಾಡಿ ಮುಖ ತೋರಿಸು ಎಂದರು. ಆ ಕಡೆ ಫೋನ್ ಕಟ್ಟಾಯಿತು. ನಾನು ಗೆದ್ದೆವೆಂದು ಚಪ್ಪಾಳೆ ತಟ್ಟಿದರೆ ಮಾವ ಸಪ್ಪಗಿದ್ದರು. "ಧ್ವನಿ ಭಾಳ ಎಳೇದಿತ್ತವ್ವಾ. ಇಂಥಾ ಕೆಲಸ ಮಾಡ್ತಾನಂತ ಅವರವ್ವಗ ಗೊತ್ತೈತೋ ಇಲ್ಲೋ" ಎಂದರು. ಕಳ್ಳನಿಗೂ ಮರುಗುವ ಇಂಥ ಮನುಷ್ಯರಿಗೆ ಯಾವ ಆಂಟಿವೈರಸ್ ಹಾಕಿ ಕಾಪಾಡೋಣ, ನೀವೇ ಹೇಳಿ!

ಇದೆಲ್ಲದರ ನಡುವೆ ಸಂಡೂರಿನ ಹುಡುಕಾಟ ನಡೆದೇ ಇತ್ತು. ನಾನು ಅನ್ನಕ್ಕೆ ಇಟ್ಟಿರುತ್ತೇನೆ, ಪಡಸಾಲೆಯಿಂದ ಕೂಗು ಬರುತ್ತದೆ. "ಯವ್ವಾ, ಜಲ್ದಿ ಬಾ! ಈಕಿ ನೋಡು!" ಓಡುತ್ತೇನೆ. ಪರದೆಯ ತುಂಬ ಯಾರೋ ಒಬ್ಬಳು ಹೆಂಗಸು, ಬುಟ್ಟಿಯಲ್ಲಿ ಹೋಳಿಗೆ ಹಿಡಿದು. "ಅಲ್ಲ ಮಾವಾರ." ಇನ್ನೊಂದು ದಿನ ನೀರು ತುಂಬುವಾಕೆ. "ಅಲ್ಲ." ಒಮ್ಮೆ ಬಹಳ ಉತ್ಸಾಹದಿಂದ ಕರೆದು ತೋರಿಸಿದರು, ನೋಡಿದರೆ ಅತ್ತೆಯ ಅಕ್ಕ! ಅತ್ತೆ ಹಿಂದಿನಿಂದ ಬಂದು ಇಣುಕಿ, "ನಮ್ಮ ಅಕ್ಕನ್ನ ಸೊಸಿಗೆ ಅವ್ವ ಮಾಡಾಕ ಹೊಂಟೀರೇನು? ಒಳ್ಳೇ ಫೋಟೋದವರು!" ಎಂದು ಮಾನ ಕಳೆದರು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮಾವ ನನಗೆ ಪ್ರಶ್ನೆ ಹಾಕುತ್ತಿದ್ದರು. ನಿಮ್ಮವ್ವ ಸೆರಗು ಹೆಂಗ ಹೊರತಿದ್ಲು? ನಕ್ಕರ ಗಲ್ಲಕ್ಕ ಗುಳಿ ಬೀಳತಿತ್ತೇನು? ನನಗೆ ಒಂದೂ ಗೊತ್ತಿರಲಿಲ್ಲ. ಅವ್ವನ ಕೈಯ ಬಳೆಯ ಸದ್ದು ನೆನಪಿದೆ, ಹೆರಳು ಹಾಕುವಾಗ ಕೂದಲು ಎಳೆದದ್ದು ನೆನಪಿದೆ. ಮುಖ ಎಂದರೆ ಆ ಗೋಡೆಯ ಮೇಲಿನ ಹೆದರಿದ ಮುಖವೇ ಬರುತ್ತದೆ. ಹಾಗಾಗಿ ಮಾವ ಕರೆದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಅವ್ವ ಸಿಗುವುದಿಲ್ಲವೇನೋ ಎಂದಲ್ಲ. ಸಿಕ್ಕರೆ? ಪರದೆಯ ಮೇಲೆ ನಗುತ್ತ ನಿಂತಿರುವಾಕೆ ನನ್ನ ಅವ್ವನೇ ಆಗಿದ್ದು, ನಾನೇ "ಅಲ್ಲ" ಎಂದುಬಿಟ್ಟರೆ? ಈ ಹೆದರಿಕೆಯನ್ನು ಗಂಡನಿಗೂ ಹೇಳಿರಲಿಲ್ಲ. ಬರಬರುತ್ತ ಪಡಸಾಲೆಯ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ.

ಈ ವರ್ಷ ಮಾವನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬಹಳ ಇಳಿದು ಹೋಗಿದ್ದರು, ಅಂಗಿಯೊಳಗೆ ಇನ್ನೊಬ್ಬರು ಹಿಡಿಸುವಷ್ಟು. ಕಂಪ್ಯೂಟರಿನ ಮುಂದೆ ಕೂರಬೇಡಿ ಎಂದು ನಾವೆಲ್ಲ ಕಟ್ಟುಮಾಡಿದ್ದೆವು. ಆಗಲೇ ಆಂಟಿವೈರಸ್ಸಿನ ಅವಧಿ ಮುಗಿಯುತ್ತ ಬಂದು, ಪರದೆಯ ಮೂಲೆಯಲ್ಲಿ ಕೆಂಪು ಚೌಕ ಏಳತೊಡಗಿತು. ಮನೆಯಿಂದಲೇ ಫೋನಿನಲ್ಲಿ ಮಾಡಿಸಬಹುದು ಎಂದೆ. ಮಾವ ಕೇಳಲಿಲ್ಲ. ಮುಖ ನೋಡದೆ ರಿನ್ಯೂ ಮಾಡಿಸುವುದೆಂದರೇನು? ಇಬ್ಬರೂ ಆಟೋದಲ್ಲಿ ಹೋದೆವು. ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿದುಕೊಂಡರು.

ಗಾದಿಗನೂರಿನಾಕೆ ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, "ಒಂದು ವರ್ಷದ್ದ ಹಾಕಲ್ಯಾ ಕಾಕಾ, ಯಾವಾಗ್ಲೂ ಹಾಕೋ ಹಂಗ?" ಎಂದರು.

ಒಂದು ವರ್ಷದ್ದು, ಮೂರು ವರ್ಷದ್ದು ಎಂದು ಎರಡಿರುತ್ತವೆ. ಮೂರು ವರ್ಷದ್ದೇ ಲಾಭ ಎಂದು ಆಕೆ ಪ್ರತಿ ಸಲ ಹೇಳುತ್ತಿದ್ದರು, ಮಾವ ಪ್ರತಿ ಸಲ "ನನ್ನ ರಿನ್ಯೂವಲ್ ಯಾವಾಗ ಮುಗೀತೈತೋ, ಒಂದು ವರ್ಷ ಸಾಕು" ಎಂದು ನಗುತ್ತಿದ್ದರು. ಈ ಸಲ ಆಕೆಗೆ ಮೂರು ವರ್ಷದ ಮಾತು ತೆಗೆಯಲೂ ಮನಸ್ಸಾಗಿರಲಿಕ್ಕಿಲ್ಲ.

ಮಾವ ನೀರು ಕುಡಿದು ಲೋಟ ಕೆಳಗಿಟ್ಟರು. "ಮೂರು ವರ್ಷದ್ದು ಹಾಕವಾ" ಎಂದರು.

ಆಕೆ ನನ್ನನ್ನು ನೋಡಿದರು. ನಾನು ಈ ಸಲ ಫ್ಯಾನ್ ನೋಡಲಿಲ್ಲ. ಮಾವನನ್ನೇ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ಕೇಳಿದೆ, "ಯಾಕ ಮಾವಾರ, ಮೂರು ವರ್ಷ?"

"ಸಂಡೂರು ಇನ್ನಾ ಭಾಳ ಉಳದೈತವ್ವಾ. ಈಗ ಕಣ್ಣೂ ಸಾವಕಾಶ, ಕೈಯೂ ಸಾವಕಾಶ. ಮೂರು ವರ್ಷರ ಬೇಕು. ನಿಮ್ಮವ್ವ ಸಿಗೋಮಟ ಅದೂ ಇರಬೇಕು, ನಾನೂ ಇರಬೇಕು."

ಆಟೋ ಯಾವುದೋ ಗುಂಡಿಗೆ ಇಳಿದು ಎದ್ದಿತು. ನನಗೆ ತಡೆದುಕೊಳ್ಳಲು ಆಗಲಿಲ್ಲ. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಹೊರಗೆ ಬಂತು. "ಮಾವಾರ, ನೀವು ತೋರಿಸಿದಾಗ ನಾನ ಗುರ್ತ ಹಿಡೀಲಿಲ್ಲ ಅಂದ್ರ? ನನಗ ಅವ್ವನ ಮಾರಿನ ನೆಪ್ಪಿಲ್ರಿ."

ಮಾವ ನನ್ನ ಕಡೆ ತಿರುಗಿದರು. ಫೋಟೋ ತೆಗೆಯುವ ಮುಂಚೆ ನೋಡುತ್ತಾರಲ್ಲ, ಹಾಗೆ ತಲೆ ಸ್ವಲ್ಪ ವಾಲಿಸಿ ನೋಡಿದರು.

"ನೀ ಯಾಕ ಗುರ್ತ ಹಿ‌ಡೀಬೇಕು, ಹುಚ್ಚಿ? ನಿನ್ನ ಮಾರಿ ನಾ ದಿನಾ ನೋಡ್ತೀನಿ. ನೀ ನಕ್ಕರ ಹೆಂಗ ಕಾಣಸ್ತಿ ಅನ್ನೋದು ನಿನಗ ಗೊತ್ತಿಲ್ಲ, ನನಗ ಗೊತ್ತೈತಿ. ಅದನ್ನ ಹಿಡಕೊಂಡ ನಾ ಹುಡುಕಾಕತ್ತೀನಿ."